ಕ್ರಾಸ್, ಹಾರ್ಡಿ (1885–1959)

ಅಮೆರಿಕದ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ. ಹುಟ್ಟಿದ್ದು ವರ್ಜೀನಿಯಾದಲ್ಲಿ. 1921ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೇರಿ, 1937ರಲ್ಲಿ ಯೇಲ್‌ಗೆ ಹೋದ.

ಹೆಸರು ತಂದದ್ದು 1930ರ ಹತ್ತೇ ಪುಟದ ಪ್ರಬಂಧ. ತೊಲೆ, ಕಂಬಗಳು ಬಿಗಿಯಾಗಿ ಬೆಸೆದುಕೊಂಡ ಚೌಕಟ್ಟನ್ನು ಲೆಕ್ಕಹಾಕಲು ಆಗ ಹಲವು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಿತ್ತು. ಕ್ರಾಸ್ ಎಲ್ಲ ಕೀಲುಗಳೂ ತಿರುಗದಂತೆ ಬಿಗಿದಿವೆ ಎಂದುಕೊಂಡು, ಒಂದೊಂದನ್ನೇ ಸಡಿಲಿಸುತ್ತ ಹೋದ. ಸರಿದೂಗದೆ ಉಳಿದ ಮೊಮೆಂಟನ್ನು (ತಿರುಗಿಸುವ ಪರಿಣಾಮವನ್ನು) ಅಲ್ಲಿ ಕೂಡುವ ತೊಲೆ–ಕಂಬಗಳಿಗೆ ಅವುಗಳ ಬಿಗುವಿಗೆ ತಕ್ಕಂತೆ ಹಂಚುವುದು, ಅದರರ್ಧವನ್ನು ಆಚೆ ತುದಿಗೆ ದಾಟಿಸುವುದು, ಮತ್ತೆ ಹಂಚುವುದು. ನಾಲ್ಕಾರು ಸುತ್ತಿಗೆ ಉತ್ತರ ಸಿದ್ಧ. ಪೆನ್ಸಿಲು, ಕಾಗದ, ತಾಳ್ಮೆ ಇದ್ದರಾಯಿತು!

1936ರಲ್ಲಿ ನೀರಿನ ಕೊಳವೆಜಾಲಗಳ ಲೆಕ್ಕಕ್ಕೂ ಇದೇ ಜಾಡಿನ ವಿಧಾನ ಕೊಟ್ಟ. ಕಂಪ್ಯೂಟರ್ ಬಂದ ಮೇಲೆ ಕಚೇರಿಗಳಲ್ಲಿ ಚೌಕಟ್ಟಿನ ವಿಧಾನದ ಬಳಕೆ ತಗ್ಗಿತು. ಕರ್ನಾಟಕದ ಸಿವಿಲ್ ವಿದ್ಯಾರ್ಥಿಗಳು ‘ಮೊಮೆಂಟ್ ಡಿಸ್ಟ್ರಿಬ್ಯೂಷನ್’ ಹೆಸರಿನಲ್ಲಿ ಇದನ್ನು ಓದಿದ್ದಾರೆ.