ಗಂಡ ಹೆಂಡಿರ ಜಗಳದಲ್ಲಿ ಡಿಸ್ಕು ಬಡವಾಯ್ತು

2006ರ ಬೇಸಿಗೆಯಲ್ಲಿ ಅಮೆರಿಕದ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, "ಹೊಸಾ ಎಚ್‌ಡಿ ಟೀವಿ ತಗೊಂಡಿದೀನಿ, ಅದಕ್ಕೆ ತಕ್ಕ ಪ್ಲೇಯರ್ ಕೊಡಿ" ಅಂತ ಕೇಳಿದ್ದರೆ ಅಂಗಡಿಯವನು ಎರಡು ಡಬ್ಬಿ ತೋರಿಸುತ್ತಿದ್ದ. ಒಂದು ತೋಷಿಬಾ ಕಂಪೆನಿಯ ಎಚ್‌ಡಿ ಡಿವಿಡಿ ಪ್ಲೇಯರ್, ಬೆಲೆ 499 ಡಾಲರ್. ಇನ್ನೊಂದು ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರ್, 999 ಡಾಲರ್. ಇದರ ಡಿಸ್ಕ್ ಅದರಲ್ಲಿ ಓಡಲ್ಲ, ಅದರದ್ದು ಇದರಲ್ಲಿ ಓಡಲ್ಲ. ಎರಡರಲ್ಲಿ ಒಂದು ಹೆಚ್ಚು ದಿನ ಬಾಳುವುದಿಲ್ಲ ಅನ್ನೋದು ಮಾರುವವನಿಗೂ ಗೊತ್ತಿತ್ತು, ಕೊಳ್ಳುವವನಿಗೂ ಗೊತ್ತಿತ್ತು. ಯಾವುದು ಅನ್ನೋದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಸೋನಿ ಗೆದ್ದಿತು, ತೋಷಿಬಾ ಸೋತಿತು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿ ಮುಗಿಸ್ತಾರೆ. ನನಗೆ ಕುತೂಹಲ ಇರೋದು ಆ ಎರಡು ಡಬ್ಬಿಗಳ ಮುಂದೆ ಪರ್ಸ್ ಹಿಡಿದು ನಿಂತವನ ಬಗ್ಗೆ. ಅವನು ಏನನ್ನು ಲೆಕ್ಕ ಹಾಕಬೇಕಿತ್ತು? ಕೊನೆಗೆ ಅವನ ಲೆಕ್ಕಕ್ಕೆ ಬೆಲೆ ಇತ್ತಾ?

ಮೊದಲು ಡಿಸ್ಕಿನ ಒಳಗಿನ ವಿಷಯ ನೋಡೋಣ. ಡಿವಿಡಿಯನ್ನು ಓದುವುದು ಕೆಂಪು ಲೇಸರ್, ಅದರ ತರಂಗಾಂತರ 650 ನ್ಯಾನೋಮೀಟರ್. ಬೆಳಕಿನ ಮೊನೆ ಚೂಪಾದಷ್ಟೂ ಡಿಸ್ಕಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆಯಬಹುದು. 1990ರ ದಶಕದಲ್ಲಿ ಜಪಾನಿನ ನಿಚಿಯಾ ಕಂಪೆನಿಯಲ್ಲಿದ್ದ ಶೂಜಿ ನಕಮುರಾ ಪ್ರಖರವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದರು, ಅದರ ಬೆನ್ನಿಗೇ ನೀಲಿ ಲೇಸರ್ ಬಂತು. (ಎಲ್‌ಇಡಿ ಕೆಲಸಕ್ಕೆ 2014ರಲ್ಲಿ ಅಕಸಾಕಿ ಮತ್ತು ಅಮಾನೋ ಅವರ ಜೊತೆ ನಕಮುರಾಗೆ ನೊಬೆಲ್ ಕೂಡ ಸಿಕ್ಕಿತು.) ತಮಾಷೆ ಅಂದ್ರೆ, ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎರಡೂ ಬಳಸಿದ್ದು ಅದೇ 405 ನ್ಯಾನೋಮೀಟರಿನ ಲೇಸರ್! ವ್ಯತ್ಯಾಸ ಇದ್ದದ್ದು ಮಾಹಿತಿಯ ಪದರ ಡಿಸ್ಕಿನ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಅನ್ನೋದರಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಹಳೇ ಡಿವಿಡಿಯ ಹಾಗೇ 0.6 ಮಿಲಿಮೀಟರ್, ಬ್ಲೂ-ರೇಯಲ್ಲಿ ಬರೀ 0.1. ಹಾಗಾಗಿ ಎಚ್‌ಡಿ ಡಿವಿಡಿಯನ್ನು ಹಳೇ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾವಣೆ ಮಾಡಿ ಅಚ್ಚು ಹಾಕಬಹುದಿತ್ತು, ಆದರೆ ಒಂದು ಪದರದಲ್ಲಿ 15 ಜಿಬಿ ಮಾತ್ರ ಹಿಡಿಸುತ್ತಿತ್ತು. ಬ್ಲೂ-ರೇಗೆ ಹೊಸ ಯಂತ್ರ ಬೇಕು, ಆದರೆ 25 ಜಿಬಿ.

ಕಾರ್ಖಾನೆ ಮಾಲೀಕನಿಗೆ ಇದು ದೊಡ್ಡ ವಿಷಯ. ಸೋಫಾ ಮೇಲೆ ಕೂತು ಸಿನಿಮಾ ನೋಡೋನಿಗೆ? ಎರಡರಲ್ಲೂ ಚಿತ್ರವನ್ನು ಹಿಸುಕಿ ತುಂಬುವ ತಂತ್ರಗಳು ಅವೇ, ಪರದೆ ಮೇಲಿನ ಗೆರೆಗಳ ಸಂಖ್ಯೆಯೂ ಒಂದೇ. ಚಿತ್ರ ನೋಡಿ ಇದು ಯಾವ ಡಿಸ್ಕು ಅಂತ ಹೇಳೋದು ಹೆಚ್ಚಿನವರಿಗೆ ಸಾಧ್ಯವೇ ಇರಲಿಲ್ಲ.

ಹಾಗಾದರೆ ಎರಡು ಯಾಕೆ ಬೇಕಿತ್ತು? ಉತ್ತರ ಪೇಟೆಂಟಿನಲ್ಲಿದೆ. ಯಾರ ಫಾರ್ಮ್ಯಾಟ್ ನಿಲ್ಲುತ್ತೋ ಅವರಿಗೆ ಮುಂದೆ ಪ್ರತಿ ಡಿಸ್ಕ್, ಪ್ರತಿ ಪ್ಲೇಯರಿನಿಂದ ಕಾಸು ಬರುತ್ತೆ. 1995ರಲ್ಲಿ ಡಿವಿಡಿ ಹುಟ್ಟುವಾಗಲೂ ಇದೇ ಜಗಳ ಶುರುವಾಗಿತ್ತು: ಒಂದು ಕಡೆ ಸೋನಿ–ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ ಮತ್ತು ಟೈಮ್ ವಾರ್ನರ್. ಆಗ ಐಬಿಎಂ ಮತ್ತಿತರ ಕಂಪ್ಯೂಟರ್ ಕಂಪೆನಿಗಳು, ಮೊದಲು ನೀವು ಒಂದಾಗಿ, ಆಮೇಲೆ ಬನ್ನಿ ಅಂತ ಪಟ್ಟು ಹಿಡಿದು ರಾಜಿ ಮಾಡಿಸಿದವು. 2005ರಲ್ಲೂ ಮಾತುಕತೆ ನಡೆಯಿತು, ಆದರೆ ಮುರಿದುಬಿತ್ತು.

ಇಲ್ಲಿ ಸೋನಿಗೊಂದು ಹಳೇ ಗಾಯವೂ ಇತ್ತು. 1975ರಲ್ಲಿ ಅದು ತಂದ ಬೀಟಾಮ್ಯಾಕ್ಸ್ ಕ್ಯಾಸೆಟ್, ಮರುವರ್ಷ ಜೆವಿಸಿ ತಂದ ವಿಎಚ್‌ಎಸ್ ಮುಂದೆ ಸೋತಿತು. "ಒಳ್ಳೇದು ಸೋತು ಕೆಟ್ಟದ್ದು ಗೆದ್ದಿತು" ಅಂತ ಇವತ್ತಿಗೂ ಹೇಳ್ತಾರೆ. ಅದು ಅರ್ಧ ಸತ್ಯ. ಮೊದಲ ಬೀಟಾ ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದದ್ದು ಒಂದೇ ಗಂಟೆ, ವಿಎಚ್‌ಎಸ್‌ನಲ್ಲಿ ಎರಡು. ಸಿನಿಮಾ ರೆಕಾರ್ಡ್ ಮಾಡೋನಿಗೆ ಕ್ಲೈಮ್ಯಾಕ್ಸ್ ಬೇಕೋ ಬೇಡವೋ ಹೇಳಿ! ಜನ ದಡ್ಡರಿರಲಿಲ್ಲ, ತಮಗೆ ಬೇಕಾದ್ದನ್ನೇ ಅಳೆದು ನೋಡಿದ್ದರು. 2006ರವರಿಗೆ ಅಂಥ ಅಳತೆಗೋಲು ಇರಲಿಲ್ಲ.

ಬದಲಿಗೆ ಅವರ ಮುಂದಿದ್ದದ್ದು ಹಾಲಿವುಡ್ಡಿನ ಮನೆ ಪಾಲು. ಸ್ಪೈಡರ್‌ಮ್ಯಾನ್ ಬೇಕಾ, ಅದು ಸೋನಿಯದ್ದು, ಬ್ಲೂ-ರೇ ತಗೊಳ್ಳಿ. ಪೈರೇಟ್ಸ್ ಆಫ್ ದಿ ಕೆರಿಬಿಯನ್ ಡಿಸ್ನಿಯದ್ದು, ಅದೂ ಬ್ಲೂ-ರೇ. ಬೋರ್ನ್ ಸರಣಿ ಯೂನಿವರ್ಸಲ್‌ನದ್ದು, ಅದಕ್ಕೆ ಎಚ್‌ಡಿ ಡಿವಿಡಿಯೇ ಗತಿ. ವಾರ್ನರ್ ಮತ್ತು ಪ್ಯಾರಾಮೌಂಟ್ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದವು. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಆನಿಮೇಷನ್ ಇದ್ದಕ್ಕಿದ್ದಂತೆ ಎಚ್‌ಡಿ ಡಿವಿಡಿ ಮಾತ್ರ ಅಂದುಬಿಟ್ಟವು. ಇದಕ್ಕೆ ಸುಮಾರು 15 ಕೋಟಿ ಡಾಲರ್ ಮೌಲ್ಯದ ಕೊಡುಗೆ ಇತ್ತು ಅಂತ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಹಿಂದಿನ ತಿಂಗಳು "ಪ್ಯಾರಾಮೌಂಟ್ ಸಿನಿಮಾನೂ ಸಿಗುತ್ತಲ್ಲ" ಅಂತ ಧೈರ್ಯ ಮಾಡಿ ಬ್ಲೂ-ರೇ ಕೊಂಡವನ ಮುಖ ಹೇಗಾಗಿರಬೇಡ.

ಸೋನಿಯ ದೊಡ್ಡ ಅಸ್ತ್ರ ಸಿನಿಮಾ ಅಲ್ಲ, ಆಟ. 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರ ಹೊಟ್ಟೆಯೊಳಗೇ ಬ್ಲೂ-ರೇ ಇತ್ತು, ಬೆಲೆ 499ರಿಂದ ಶುರು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ಗೆ ಎಚ್‌ಡಿ ಡಿವಿಡಿಯನ್ನು 199 ಡಾಲರಿನ ಬೇರೆ ಡಬ್ಬಿಯಾಗಿ ಮಾರಿತು. ಅಂದ್ರೆ ಒಬ್ಬ ಯೋಚಿಸಿ ಕೊಳ್ಳಬೇಕು, ಇನ್ನೊಬ್ಬ ಯೋಚನೆಯೇ ಇಲ್ಲದೆ ಬ್ಲೂ-ರೇ ಮನೆಗೆ ತಂದಿರುತ್ತಾನೆ.

ತೋಷಿಬಾ ಬೆಲೆ ಇಳಿಸುತ್ತಾ ಹೋಯಿತು. 2007ರ ನವೆಂಬರ್ ಮೊದಲ ವಾರ ವಾಲ್‌ಮಾರ್ಟ್‌ನಲ್ಲಿ ಅದರ ಪ್ಲೇಯರ್ 98 ಡಾಲರ್ 87 ಸೆಂಟಿಗೆ ಮಾರಾಟಕ್ಕೆ ಬಂತು. ಕೊಂಡವರು ಲಾಟರಿ ಹೊಡೆದ ಖುಷಿಯಲ್ಲಿದ್ದರು. ಸರಿಯಾಗಿ ಎರಡು ತಿಂಗಳಿಗೆ, 2008ರ ಜನವರಿ 4ರಂದು, ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಅಂತ ಘೋಷಿಸಿತು. ಕೆಲವೇ ದಿನದಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ನಡೆಯಬೇಕಿದ್ದ ಎಚ್‌ಡಿ ಡಿವಿಡಿ ಬಳಗದ ಪತ್ರಿಕಾಗೋಷ್ಠಿ ರದ್ದಾಯಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಸಾಲಾಗಿ ಕೈ ಬಿಟ್ಟವು. 19ರಂದು ತೋಷಿಬಾ ಶಸ್ತ್ರ ಕೆಳಗಿಟ್ಟಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10 ಲಕ್ಷ ಎಚ್‌ಡಿ ಡಿವಿಡಿ ಯಂತ್ರಗಳು ಮಾರಾಟವಾಗಿದ್ದವು. ಬೆಸ್ಟ್ ಬೈ ಪಾಪ ಅಂತ ತನ್ನ ಗಿರಾಕಿಗಳಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟಿತು. ಮರುವರ್ಷ ತೋಷಿಬಾ ತಾನೇ ಬ್ಲೂ-ರೇ ಸಂಘ ಸೇರಿತು! ಗಂಡ ಹೆಂಡಿರು ಒಂದಾದರು, ಕೂಸು ಬಡವಾದದ್ದು ಬಡವಾದ ಹಾಗೇ ಉಳಿಯಿತು.

ಇಷ್ಟು ಓದಿದರೆ ಗಿರಾಕಿಗೆ ಇಲ್ಲಿ ಪಾತ್ರವೇ ಇರಲಿಲ್ಲ, ಎಲ್ಲ ದೊಡ್ಡವರ ಕೋಣೆಯಲ್ಲೇ ತೀರ್ಮಾನವಾಯ್ತು ಅನ್ನಿಸುತ್ತೆ. ನಾನು ಒಪ್ಪಲ್ಲ. ವಾರ್ನರ್ ಕೊಟ್ಟ ಕಾರಣ ಗಮನಿಸಿ: ಗೊಂದಲ ಹೀಗೇ ಮುಂದುವರಿದರೆ ಎಚ್‌ಡಿ ಡಿಸ್ಕಿನ ಅವಕಾಶವೇ ಕೈತಪ್ಪಬಹುದು ಅನ್ನೋ ಅರ್ಥದ ಮಾತು ಅದು. ಅವರನ್ನು ಹೆದರಿಸಿದ್ದು ಎರಡೂ ಡಬ್ಬಿ ನೋಡಿ, "ಇರ್ಲಿ ಬಿಡಿ, ಇರೋ ಡಿವಿಡಿ ಚೆನ್ನಾಗೇ ಇದೆ" ಅಂತ ಮನೆಗೆ ಹೋದ ಕೋಟ್ಯಂತರ ಜನ. ನಮ್ಮಲ್ಲಂತೂ ಅದೇ 2007ರಲ್ಲಿ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರುತ್ತಿತ್ತು. ಕೊಳ್ಳದೇ ಇರೋದೂ ಒಂದು ಓಟು, ಮತ್ತು ಅದೇ ಬಹುಮತ.

ಆ ಬಹುಮತ ಕಾಯುತ್ತಾ ಕೂತಿದ್ದಾಗ ಬೇರೇನೋ ಬಂತು. 2007ರ ಜನವರಿಯಲ್ಲೇ ನೆಟ್‌ಫ್ಲಿಕ್ಸ್ ಇಂಟರ್ನೆಟ್ ಮೇಲೆ ಸಿನಿಮಾ ತೋರಿಸೋಕೆ ಶುರು ಮಾಡಿತ್ತು. ವಾರ್ನರ್ ಘೋಷಣೆಯಾದ 11 ದಿನಕ್ಕೆ ಆಪಲ್ ಎಚ್‌ಡಿ ಸಿನಿಮಾ ಬಾಡಿಗೆ ಪ್ರಕಟಿಸಿತು. ಬ್ಲೂ-ರೇ ಗೆದ್ದ ರಾಜ್ಯದ ಗಡಿ ಗೆದ್ದ ದಿನದಿಂದಲೇ ಕುಗ್ಗತೊಡಗಿತ್ತು.

ಹಾಗಂತ ಕಾಯೋದೇ ಜಾಣತನ, ಮೊದಲು ಕೊಂಡವನು ಪೆದ್ದ ಅಂತ ಹೇಳಿಬಿಡೋದು ಸುಲಭ. ಅದಕ್ಕೂ ಮೊದಲು ಇನ್ನೊಂದು ಸತ್ತ ಫಾರ್ಮ್ಯಾಟನ್ನು ನೆನಪಿಸಬೇಕು. 1998ರಲ್ಲಿ ಅಮೆರಿಕದ ಸರ್ಕಿಟ್ ಸಿಟಿ ಅಂಗಡಿಯವರು ಡಿವೆಕ್ಸ್ ಅನ್ನೋ ಡಿಸ್ಕ್ ತಂದರು. (ಕಂಪ್ಯೂಟರ್ ವಿಡಿಯೋ ಫೈಲಿನ ಡಿವೆಕ್ಸ್ ಬೇರೆ.) ಡಿಸ್ಕ್ ಅಗ್ಗ, ಆದರೆ ಮೊದಲ ಸಲ ಹಾಕಿದ ಮೇಲೆ 48 ಗಂಟೆ ಮಾತ್ರ ಓಡುತ್ತೆ, ಮತ್ತೆ ನೋಡಬೇಕಂದ್ರೆ ಮತ್ತೆ ದುಡ್ಡು. ಪ್ಲೇಯರ್ ಫೋನ್ ಲೈನ್ ಹಿಡಿದು ಕಂಪೆನಿಗೆ ಲೆಕ್ಕ ಒಪ್ಪಿಸುತ್ತಿತ್ತು. ಮರುವರ್ಷವೇ ಕಂಪೆನಿ ಕೈಚೆಲ್ಲಿತು. 2001ರ ಮಧ್ಯದಲ್ಲಿ ಆ ಲೆಕ್ಕದ ಕಂಪ್ಯೂಟರನ್ನು ಆರಿಸಿದ ಮೇಲೆ ಆ ಡಿಸ್ಕುಗಳು ಓಡುವುದನ್ನೇ ನಿಲ್ಲಿಸಿದವು.

ಎಚ್‌ಡಿ ಡಿವಿಡಿ ಕೊಂಡ ಆ 'ಸೋತವನ' ಮನೆಯಲ್ಲಿ ಹಾಗಾಗಲಿಲ್ಲ. ಹೊಸ ಸಿನಿಮಾ ಬರೋದು ನಿಂತಿತು ನಿಜ, ಆದರೆ ಕಪಾಟಿನಲ್ಲಿದ್ದದ್ದನ್ನು ನೋಡೋಕೆ ಅವನು ತೋಷಿಬಾವನ್ನು ಕೇಳಬೇಕಿರಲಿಲ್ಲ. ಡಿಸ್ಕು, ಪ್ಲೇಯರು ಕೆಡದೆ ಇರೋ ತನಕ ಅದು ಓಡುತ್ತೆ. ನಾವೀಗ ತಿಂಗಳಿಗಿಷ್ಟು ಅಂತ ಕಟ್ಟಿ ನೋಡ್ತಿರೋ ಸಿನಿಮಾಗಳು ಡಿವೆಕ್ಸ್‌ನ ವಂಶದವು. ಹೋದ ವಾರ ಲಿಸ್ಟಿನಲ್ಲಿದ್ದದ್ದು ಈ ವಾರ ಇರಲ್ಲ, ಯಾಕೆ ಅಂತ ಯಾರೂ ಹೇಳಲ್ಲ.

ಹಾಗಾಗಿ ಹೊಸ ಫಾರ್ಮ್ಯಾಟ್ ಬಂದಾಗ ಯಾವುದು ಗೆಲ್ಲುತ್ತೆ ಅಂತ ಊಹೆ ಮಾಡೋಕೆ ನಾನು ಹೋಗಲ್ಲ. ನಾಳೆ ಇವನು ಅಂಗಡಿ ಮುಚ್ಚಿದರೆ ನನ್ನ ಹತ್ತಿರ ಏನು ಉಳಿಯುತ್ತೆ ಅಂತ ಕೇಳ್ಕೊಳ್ತೀನಿ. ಒಂದು ಸಲ ನೋಡಿ ಮರೆಯೋ ಸಿನಿಮಾಗೆ ಬಾಡಿಗೆಯೇ ಸಾಕು. ಮಕ್ಕಳಿಗೂ ತೋರಿಸಬೇಕು ಅನ್ನಿಸೋ ಹತ್ತಿಪ್ಪತ್ತು ಸಿನಿಮಾಗಳನ್ನು ಮಾತ್ರ ಡಿಸ್ಕಿನಲ್ಲೇ ತಗೊಂಡು ಕಪಾಟಿನಲ್ಲಿ ಇಡ್ತೀನಿ, ಆ ಡಿಸ್ಕು ಯಾವ ಯುದ್ಧದಲ್ಲಿ ಸೋತಿದ್ದರೂ ಸರಿ.