ತೂತು ಬಕೆಟ್ಟಿನ ಲೆಕ್ಕ

1986ರ ಅಕ್ಟೋಬರ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ 400 ಗಜ. ಆ ಎರಡರ ನಡುವಿನ ಜಾಲದಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದುದು 40 ಬಿಟ್‌ಗೆ ಕುಸಿಯಿತು. ನಲವತ್ತು ಸಾವಿರವಲ್ಲ, ಬರೀ ನಲವತ್ತು. ತಂತಿಯೇನೂ ಕಡಿದಿರಲಿಲ್ಲ. ಉತ್ತರ ಬಾರದಿದ್ದಾಗ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದ ಯಂತ್ರಗಳೇ ದಾರಿ ಕಟ್ಟಿದ್ದವು.

ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರಲ್ಸ್ ಬಿಎಸ್‌ಡಿ ಯುನಿಕ್ಸ್‌ನ ಸಿ ಕೋಡಿನಲ್ಲೇ ಇದಕ್ಕೆ ಮದ್ದು ಹುಡುಕಿದರು. ಹಳೆಯ ಪ್ಯಾಕೆಟ್ ಆಚೆ ದಾಟಿದ ಮೇಲಷ್ಟೇ ಹೊಸದು ಒಳಕ್ಕೆ. 1988ರಲ್ಲಿ ಜೇಕಬ್‌ಸನ್ ಪ್ರಬಂಧ ಬಂತು. ಆದರೆ ಅದು ಕಳಿಸುವವನ ಸಂಯಮವನ್ನು ನೆಚ್ಚಿದ ಉಪಾಯ. ಸಂಯಮವೇ ಇಲ್ಲದವನಿಗೆ?

ಅದೇ 1986ರ ಅಕ್ಟೋಬರಿನಲ್ಲೇ ಜೊನಾಥನ್ ಟರ್ನರ್ ಬರೆದ ಲೇಖನವೊಂದರಲ್ಲಿ ಬಾಗಿಲು ಕಾಯುವವನಿದ್ದ: ಪ್ಯಾಕೆಟ್ ಬಂದಾಗ ಏರುವ, ಸಮಯ ಕಳೆದಂತೆ ಇಳಿಯುವ ಒಂದು ಎಣಿಕೆ. ಮಿತಿ ಮೀರಿದರೆ ಪ್ಯಾಕೆಟ್ ಹೊರಗೆ. ಇದೇ ತೂತು ಬಕೆಟ್. ಇದನ್ನು ತಿರುವಿ ಹಾಕಿದರೆ ಟೋಕನ್ ಬಕೆಟ್: ಟೋಕನ್ ನಿಧಾನಕ್ಕೆ ತುಂಬುತ್ತವೆ, ಬಂದವರು ಒಂದೊಂದು ತೆಗೆದುಕೊಂಡು ಒಳಹೋಗುತ್ತಾರೆ. ಒಟಿಪಿಯನ್ನು ಪದೇ ಪದೇ ಕೇಳಿದರೆ ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎನ್ನುವುದೂ ಇದೇ ವಂಶದ್ದು.

ಸಿ ಭಾಷೆಯಲ್ಲಿ ಇದಕ್ಕೆ ಹದಿನೈದಿಪ್ಪತ್ತು ಸಾಲು ಸಾಕು. ಟೋಕನ್ ತುಂಬಲು ಪ್ರತ್ಯೇಕ ಟೈಮರ್ ಬೇಡ. ಉಳಿದ ಟೋಕನ್ ಎಷ್ಟು, ಕೊನೆಗೆ ಲೆಕ್ಕ ಹಾಕಿದ್ದು ಯಾವಾಗ ಎಂಬ ಎರಡನ್ನು ಒಂದು ಸ್ಟ್ರಕ್ಟ್‌ನಲ್ಲಿ ಇಟ್ಟುಕೊಂಡು, ಯಾರಾದರೂ ಬಾಗಿಲು ತಟ್ಟಿದಾಗ ಕಳೆದ ಸಮಯಕ್ಕೆ ತಕ್ಕಷ್ಟು ಟೋಕನ್ ಹಾಕಿದರಾಯಿತು, ಬಕೆಟ್ಟಿನ ಕಂಠ ಮೀರದಂತೆ. ಗೋಡೆ ಗಡಿಯಾರವನ್ನು ಮಾತ್ರ ನಂಬಬಾರದು, ಅದನ್ನು ಯಾರಾದರೂ ಹಿಂದಕ್ಕೆ ತಿರುಗಿಸಬಹುದು. ಮುಂದಕ್ಕಷ್ಟೇ ಓಡುವ ಮಾನೊಟಾನಿಕ್ ಗಡಿಯಾರ ಬೇಕು.

ಎಡವುವುದು ಭಾಗಾಕಾರದಲ್ಲಿ. ಸೆಕೆಂಡಿಗೆ 5 ಟೋಕನ್ ಎಂದರೆ 200 ಮಿಲಿಸೆಕೆಂಡಿಗೆ ಒಂದು. ಒಬ್ಬ 150 ಮಿಲಿಸೆಕೆಂಡಿಗೊಮ್ಮೆ ಬರುತ್ತಾನೆ ಅನ್ನಿ. ಪೂರ್ಣಾಂಕದ ಲೆಕ್ಕದಲ್ಲಿ 150ನ್ನು 200ರಿಂದ ಭಾಗಿಸಿದರೆ ಸಿ ಕೊಡುವುದು ಸೊನ್ನೆ. ಜೊತೆಗೆ ‘ಕೊನೆಯ ಸಮಯ’ವನ್ನೂ ಈಗಿನದಕ್ಕೆ ತಿದ್ದಿಬಿಟ್ಟರೆ ಆ 150 ನೀರಪಾಲು. ಬಕೆಟ್ ಒಮ್ಮೆ ಖಾಲಿಯಾಯಿತೆಂದರೆ, ಅವನು ಹಾಗೆ ಬರುತ್ತಿರುವಷ್ಟು ಕಾಲವೂ ಟೋಕನ್ ಸಿಗದು. ಸ್ವಲ್ಪ ಅವಸರದವನಿಗೆ ಪೂರ್ತಿ ಬಾಗಿಲು ಬಂದ್! ಟೋಕನ್ ಹುಟ್ಟಿದಷ್ಟೇ ಸಮಯವನ್ನು ಮುಂದೊತ್ತಿ, ಚಿಲ್ಲರೆಯನ್ನು ಹಾಗೇ ಉಳಿಸಬೇಕು.

ಲಿನಕ್ಸ್ ಕರ್ನೆಲ್ ತನ್ನ ಬಾಯಿಗೂ ಇಂಥದೊಂದು ಕಡಿವಾಣ ಹಾಕಿಕೊಂಡಿದೆ. ಒಂದೇ ದೂರನ್ನು ಸಾವಿರ ಸಲ ಲಾಗ್‌ಗೆ ಬರೆದು ತಾನೇ ಮುಳುಗದಂತೆ, ಸಾಮಾನ್ಯವಾಗಿ 5 ಸೆಕೆಂಡಿಗೆ 10 ಸಂದೇಶ. ನುಂಗಿಕೊಂಡದ್ದು ಎಷ್ಟು ಎಂಬುದನ್ನು ಮಾತ್ರ ಆಮೇಲೆ ಒಂದೇ ಸಾಲಿನಲ್ಲಿ ಒಪ್ಪಿಸುತ್ತದೆ.