ಗೆರೆ ಬಂತು, ಷರಾ ಬರಲಿಲ್ಲ

ಮೀಸಲು ಅರಣ್ಯದ ಗಡಿ ಎಲ್ಲಿದೆ ಎಂದು ತಿಳಿಯಲು ಈಗ ಬಾಂದುಕಲ್ಲು ಹುಡುಕುತ್ತ ಹಳ್ಳ ಹತ್ತಿ ಇಳಿಯಬೇಕಿಲ್ಲ. ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ತಂತ್ರಾಂಶ ತೆರೆದರೆ ಸಾಕು, ಉಪಗ್ರಹ ಚಿತ್ರದ ಮೇಲೆ ಗೆರೆಯೊಂದು ಮೂಡುತ್ತದೆ. ಅದರೊಳಗಿನದು ಅರಣ್ಯ, ಹೊರಗಿನದು ಕಂದಾಯ. ಗೆರೆಯ ಕೆಳಗೆ ನಿಜವಾದ ಮರ, ನಿಜವಾದ ತೋಟ, ನಿಜವಾದ ಹೆಂಚಿನ ಮನೆ ಕಾಣುವುದರಿಂದ ಗೆರೆಯೂ ಅಷ್ಟೇ ನಿಜ ಎನ್ನಿಸಿಬಿಡುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಮರ, ಗಡಿಯಲ್ಲ. ಆ ಗೆರೆ ಬಂದದ್ದು ಬಹುಪಾಲು ನೂರು ವರ್ಷಕ್ಕೂ ಹಳೆಯ ಅಧಿಸೂಚನೆಗಳಿಂದ, ಸರಪಳಿ ಹಿಡಿದು ಅಳೆದವರ ಟಿಪ್ಪಣಿಗಳಿಂದ. ಅರಣ್ಯದ ಭೂಮಾಹಿತಿಯನ್ನು ಕಾಗದದಿಂದ ಕಂಪ್ಯೂಟರಿಗೆ ಸಾಗಿಸಿದಾಗ ನಾವು ಗೆರೆಯನ್ನು ಜೋಪಾನವಾಗಿ ತಂದೆವು, ಗೆರೆಯ ಪಕ್ಕದಲ್ಲಿ ಬರೆದಿದ್ದ ಷರಾವನ್ನು ಕಚೇರಿಯ ಕಪಾಟಿನಲ್ಲೇ ಬಿಟ್ಟೆವು. ಇಂದಿನ ಅರಣ್ಯ ವಿವಾದಗಳಲ್ಲಿ ಹಲವಕ್ಕೆ ಮೂಲ ಇಲ್ಲಿದೆ ಎಂಬುದು ನನ್ನ ವಾದ.

ಬ್ರಿಟಿಷರಿಗೆ ಮೊದಲು ಬೇಕಾಗಿದ್ದು ಎಣಿಕೆಯೇ ಹೊರತು ಗಡಿಯಲ್ಲ. 1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯಕ್ಕೆ ಬಂದ ಡೀಟ್ರಿಚ್ ಬ್ರಾಂಡಿಸ್ ಸಾಗುವಾನಿ ಕಾಡಿನಲ್ಲಿ ಆನೆಯ ಮೇಲೆ ಕೂತು ಸಾಗುತ್ತ, ಮರದ ದಪ್ಪಕ್ಕೊಂದರಂತೆ ಹಿಡಿದ ಕೋಲುಗಳಲ್ಲಿ ಚಾಕುವಿನಿಂದ ಗುರುತು ಕೆತ್ತಿ ಲೆಕ್ಕ ಇಟ್ಟ. ಸಾಗಿದ ದಾರಿಯ ಇಕ್ಕೆಲದ ಎಣಿಕೆಯಿಂದ ಇಡೀ ಕಾಡಿನ ಅಂದಾಜು ತೆಗೆಯುವ ಈ ಕ್ರಮ ಒರಟಾದರೂ ಪ್ರಾಮಾಣಿಕವಾಗಿತ್ತು. ಅದು ಅಂದಾಜು ಎಂಬುದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. 1864ರಲ್ಲಿ ಆತ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1865ರ ಕಾಯ್ದೆ, ಅದನ್ನು ಬಿಗಿಗೊಳಿಸಿದ 1878ರ ಕಾಯ್ದೆ ಬಂದ ಮೇಲೆ ಕಾಡನ್ನು ಮೀಸಲು, ರಕ್ಷಿತ ಎಂದು ವಿಂಗಡಿಸಬೇಕಾಯಿತು. ಆಗ ಗಡಿ ಬೇಕಾಯಿತು, ಗಡಿಗೆ ನಕ್ಷೆ ಬೇಕಾಯಿತು. ಆದರೂ ಅಂದಿನ ಅಧಿಸೂಚನೆಯಲ್ಲಿ ನಕ್ಷೆಗಿಂತ ಬರಹಕ್ಕೇ ತೂಕ ಹೆಚ್ಚು. ಇಂಥ ಕಲ್ಲಿನಿಂದ ಹೊರಟು ಇಂಥ ಹಳ್ಳದ ಗುಂಟ ಸಾಗಿ, ಇಂಥ ಊರಿನ ಗಡಿ ಮುಟ್ಟುವವರೆಗೆ ಎಂದು ಚತುಸ್ಸೀಮೆಯನ್ನು ಮಾತಿನಲ್ಲೇ ಬರೆಯುತ್ತಿದ್ದರು. ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅರಣ್ಯ ವ್ಯವಸ್ಥಾಪನಾಧಿಕಾರಿ ಊರವರ ಅಹವಾಲು ಕೇಳಿ, ಗಾಡಿದಾರಿ, ನೀರು, ಮೇವು, ಸೊಪ್ಪಿನ ವಿಷಯದಲ್ಲಿ ಯಾವ ಹಕ್ಕು ಒಪ್ಪಿದೆ, ಯಾವುದು ಬರೀ ರಿಯಾಯಿತಿ, ಯಾವುದು ರದ್ದು ಎಂದು ದಾಖಲಿಸಬೇಕಿತ್ತು. ಆ ವಿಚಾರಣೆ ನ್ಯಾಯವಾಗಿ ನಡೆಯಿತೆಂದು ನಾನು ಹೇಳುತ್ತಿಲ್ಲ. ನ್ಯಾಯವಾಗಿ ನಡೆದಿದ್ದರೆ 19ನೇ ಶತಮಾನದ ಕೊನೆಯಲ್ಲಿ ಶಿರಸಿ ಸೀಮೆಯ ಜನ ವನದುಃಖ ನಿವಾರಣೆಗೆಂದೇ ಒಂದು ಸಭೆ ಕಟ್ಟುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಅನ್ಯಾಯವೂ ಸೇರಿದಂತೆ ಎಲ್ಲವೂ ಬರಹದಲ್ಲಿತ್ತು.

ಕರ್ನಾಟಕದ ಮಲೆನಾಡು, ಕರಾವಳಿಗಳಲ್ಲಿ ಈ ಬರಹ ಯಾಕೆ ಮುಖ್ಯ ಎಂಬುದು ಉತ್ತರ ಕನ್ನಡದ ಬೆಟ್ಟ ಭೂಮಿಯನ್ನು ನೋಡಿದರೆ ತಿಳಿಯುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟಕ್ಕೆ ಸೊಪ್ಪು, ದರಕು ಇಲ್ಲದೆ ಗೊಬ್ಬರವಿಲ್ಲ. ಅದಕ್ಕಾಗಿ ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟರು. ನೆಲ ಸರ್ಕಾರದ್ದು, ಸೊಪ್ಪಿನ ಅನುಕೂಲ ತೋಟಿಗನದು, ಮರ ಕಡಿಯುವುದಕ್ಕೆ ಬೇರೆಯೇ ಕಟ್ಟಳೆ. ದಕ್ಷಿಣ ಕನ್ನಡದ ಕುಮ್ಕಿಯದೂ ಇಂಥದೇ ಕಥೆ: ವರ್ಗ ಜಮೀನಿನ, ಅಂದರೆ ಹಿಡುವಳಿಯ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವಿನ ಅನುಕೂಲ. ಕೊಡಗಿನಲ್ಲಿ ಬಾಣೆ, ಶಿವಮೊಗ್ಗ ಕಡೆ ಸೊಪ್ಪಿನಬೆಟ್ಟ ಮತ್ತು ಕಾನು. ಇವು ಯಾವುವೂ ಪೂರಾ ಕಾಡಲ್ಲ, ಪೂರಾ ಹಿಡುವಳಿಯೂ ಅಲ್ಲ. ಒಂದೇ ನೆಲದ ಮೇಲೆ ಇಬ್ಬರ ಮೂವರ ಬಾಧ್ಯತೆ ಕೂತಿರುತ್ತದೆ. ಇದನ್ನು ಪದರಗಳಲ್ಲಿ ತೋರಿಸಬಹುದು, ಒಂದೇ ಬಣ್ಣ ಬಳಿದು ತೋರಿಸಲಾಗದು. ತಮಾಷೆಯೆಂದರೆ ಪದರ ಪದರವಾಗಿ ತೋರಿಸುವುದಕ್ಕೆಂದೇ ಹುಟ್ಟಿದ್ದು ಜಿಐಎಸ್.

ಅದು ಹುಟ್ಟಿದ್ದೂ ಕಾಡಿನ ಪ್ರಶ್ನೆಯಿಂದಲೇ. ರೋಜರ್ ಟಾಮ್ಲಿನ್ಸನ್ ಎಂಬ ಭೂಗೋಳಜ್ಞ ಕೆನಡಾದ ಒಟ್ಟಾವದ ವೈಮಾನಿಕ ಸರ್ವೆ ಕಂಪನಿಯೊಂದರಲ್ಲಿದ್ದಾಗ ಕೀನ್ಯಾದಲ್ಲಿ ಮರದ ನೆಡುತೋಪಿಗೆ ಜಾಗ ಹುಡುಕುವ ಕೆಲಸ ಬಂತು. ಇಳಿಜಾರು, ಮಣ್ಣು, ಮಳೆ, ರಸ್ತೆ ಹೀಗೆ ಒಂದೊಂದಕ್ಕೂ ಒಂದೊಂದು ನಕ್ಷೆ. ಎಲ್ಲವನ್ನೂ ಒಂದರ ಮೇಲೊಂದಿಟ್ಟು ಕೈಯಲ್ಲೇ ಲೆಕ್ಕ ಹಾಕಲು ತಗಲುವ ಖರ್ಚು ಯಾರೂ ಕೊಡದಷ್ಟಿತ್ತು. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಾರದೇಕೆ ಎಂದು ಆತ ಯೋಚಿಸಿದ. 1960ರ ದಶಕದಲ್ಲಿ ಕೆನಡಾ ಸರ್ಕಾರ ದೇಶದ ಕೃಷಿ, ಅರಣ್ಯ, ವನ್ಯಜೀವಿ ಭೂಮಿಯ ಗಣತಿಗಾಗಿ ಆ ಯೋಚನೆಯನ್ನು ಕಾರ್ಯಕ್ಕಿಳಿಸಿತು. ಅಲ್ಲಿ ಪ್ರತಿ ಆಕೃತಿಯ ಬೆನ್ನಿಗೆ ಒಂದು ಕೋಷ್ಟಕ ಅಂಟಿಕೊಂಡಿರುತ್ತದೆ. ಆ ನೆಲದ ಬಗ್ಗೆ ಏನೇನು ಗೊತ್ತೋ ಎಲ್ಲವನ್ನೂ ಅದರಲ್ಲಿ ತುಂಬಬಹುದು. ಹಾಗಾಗಿ ಷರಾಕ್ಕೆ ಜಾಗವಿರಲಿಲ್ಲ ಎಂದು ತಂತ್ರಾಂಶವನ್ನು ದೂರುವಂತಿಲ್ಲ. ಹಳೆಯ ಅಧಿಸೂಚನೆಗಳನ್ನು ಡಿಜಿಟಲ್ ಮಾಡುವಾಗ ಆ ಕೋಷ್ಟಕದಲ್ಲಿ ಸಾಮಾನ್ಯವಾಗಿ ತುಂಬುವುದು ಅರಣ್ಯದ ಹೆಸರು, ಅಧಿಸೂಚನೆ ಸಂಖ್ಯೆ, ಕಾಯ್ದೆಯ ಕಲಂ, ವಿಸ್ತೀರ್ಣ. ಸೊಪ್ಪಿನ ಹಕ್ಕಿಗೆ, ಗಾಡಿದಾರಿಗೆ ಅಲ್ಲಿ ಅಂಕಣವೇ ಇರುವುದಿಲ್ಲ.

ತಂದ ಗೆರೆಯಾದರೂ ಸರಿಯಾಗಿ ಬಂತೇ? ಹಳೆಯ ಮೈಸೂರು, ಮುಂಬಯಿ ಸೀಮೆಗಳ ಸರ್ವೆ ನಡೆದದ್ದು 33 ಅಡಿಯ, 16 ಆಣೆ ಭಾಗಗಳ ಸರಪಳಿಯಿಂದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಇಳಿಜಾರಿನಲ್ಲಿ, ಮುಳ್ಳುಪೊದೆಯ ನಡುವೆ ಆ ಸರಪಳಿ ಎಷ್ಟು ನೆಟ್ಟಗೆ ನಿಂತಿತ್ತೆಂಬುದು ಬೇರೆ ಮಾತು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್ ಅಗಲ. 1:7,920ರ ಗ್ರಾಮ ನಕ್ಷೆಯಲ್ಲಿ ಅದೇ ಗೆರೆ ಸುಮಾರು 4 ಮೀಟರ್. ಎರಡನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೂರಿಸಿದರೆ ಎರಡೂ ಕೂದಲೆಳೆಯಷ್ಟೇ ಸಣ್ಣಗೆ ಕಾಣುತ್ತವೆ, ಎಷ್ಟು ಹಿಗ್ಗಿಸಿದರೂ ದಪ್ಪವಾಗುವುದಿಲ್ಲ. ಭೂಮಿಯ ಆಕಾರದ ಲೆಕ್ಕಕ್ಕೆ ಹಳೆಯ ನಕ್ಷೆಗಳು ಎವರೆಸ್ಟ್ ಗೋಳಮಾನವನ್ನು ಅನುಸರಿಸಿದವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಈ ವ್ಯತ್ಯಾಸವನ್ನು ಸರಿಪಡಿಸದೆ ಒಂದನ್ನು ಇನ್ನೊಂದರ ಮೇಲಿಟ್ಟರೆ ಗಡಿ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಸರಿಯಬಲ್ಲದು. ನೂರು ಮೀಟರ್ ಎಂದರೆ ಮಲೆನಾಡಿನ ಎಷ್ಟೋ ತೋಟಗಳ ಪೂರ್ತಿ ಅಗಲ. ಕಾಗದದ ಮೇಲಿನ ದಪ್ಪ ಗೆರೆ ತನ್ನ ಸಂದೇಹವನ್ನು ತಾನೇ ತೋರಿಸುತ್ತಿತ್ತು. ಪರದೆಯ ಸಣ್ಣ ಗೆರೆ ಅದನ್ನು ಅಡಗಿಸುತ್ತದೆ.

ಗಡಿಯನ್ನು ಬಿಟ್ಟು ಮರವನ್ನೇ ನೋಡೋಣ ಎಂದರೆ ಅಲ್ಲೂ ಷರಾ ಇಲ್ಲದೆ ಅಂಕಿ ಮಾತಾಡುವುದಿಲ್ಲ. 1980ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳನ್ನು ಓದಿ, 1972-75ರಲ್ಲಿ ದೇಶದ ಶೇ. 17ರಷ್ಟಿದ್ದ ಕಾಡು 1980-82ರ ಹೊತ್ತಿಗೆ ಶೇ. 14ಕ್ಕೆ ಇಳಿದಿದೆ ಎಂದಿತು. 1987ರಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣೆಯ ಮೊದಲ ವರದಿ ಅದನ್ನು ಸುಮಾರು ಶೇ. 19.5 ಎಂದಿತು. ನಡುವೆ ಕಾಡು ಬೆಳೆದಿರಲಿಲ್ಲ, ಓದುವ ಕ್ರಮ ಬದಲಾಗಿತ್ತು. ಆ ಮೊದಲ ವರದಿಯ ನಕ್ಷೆಯಲ್ಲಿ 400 ಹೆಕ್ಟೇರಿಗಿಂತ ಸಣ್ಣ ಕಾಡಿಗೆ ಸ್ಥಾನವಿರಲಿಲ್ಲ. 2001ರಿಂದ ಒಂದು ಹೆಕ್ಟೇರೂ ಲೆಕ್ಕಕ್ಕೆ ಬಂತು. ಜೊತೆಗೆ ಮರಗಳ ನೆತ್ತಿ ಶೇ. 10ರಷ್ಟು ನೆಲ ಮುಚ್ಚಿದ್ದರೆ ಸಾಕು, ಒಡೆತನ ಯಾರದೇ ಇರಲಿ, ಅದು ಅರಣ್ಯ ಹೊದಿಕೆ. ಕೊಡಗು, ಚಿಕ್ಕಮಗಳೂರುಗಳ ನೆರಳಿನ ಕಾಫಿ ತೋಟ ಹೀಗೆ ಕಾಡಿನ ಲೆಕ್ಕಕ್ಕೆ ಸೇರುತ್ತದೆ. 2021ರ ವರದಿಯಲ್ಲಿ ಕರ್ನಾಟಕದ ಅರಣ್ಯ ಹೊದಿಕೆಯೂ ದಾಖಲಿತ ಅರಣ್ಯ ಪ್ರದೇಶವೂ ಹೆಚ್ಚುಕಡಿಮೆ ಒಂದೇ, 38 ಸಾವಿರ ಚದರ ಕಿಲೋಮೀಟರ್ ಚಿಲ್ಲರೆ. ಅವೆರಡೂ ಒಂದೇ ನೆಲ ಎಂದು ತಿಳಿದವರು ಮೋಸ ಹೋದಂತೆ. ಇದಕ್ಕೆ ಹೋಲಿಸಿದರೆ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಗಾಗಿ ಜೆ. ಪಿ. ಪಾಸ್ಕಲ್ 1982ರಿಂದ ತಯಾರಿಸಿದ ದಕ್ಷಿಣ ಭಾರತದ ಅರಣ್ಯ ನಕ್ಷೆಗಳು ಹೆಚ್ಚು ಬಾಯಿಬಿಡುತ್ತವೆ. 1:2,50,000ರಷ್ಟು ಸಣ್ಣ ಪ್ರಮಾಣದಲ್ಲೂ ಅವು ಕಾಡು ಇದೆಯೋ ಇಲ್ಲವೋ ಎಂಬಲ್ಲಿಗೆ ನಿಲ್ಲದೆ, ಎಂಥ ಕಾಡು, ಎಷ್ಟು ಕೆಟ್ಟಿದೆ, ಯಾವ ಮಳೆಗೆ ಯಾವ ಜಾತಿ ಎಂಬುದನ್ನೂ ಹೇಳಿದವು.

ಇದೆಲ್ಲ ಹಳೆಯ ಗೊಂದಲಕ್ಕೆ ಹೊಗಳಿಕೆಯಾಯಿತು, ಒತ್ತುವರಿದಾರರಿಗೂ ಗಣಿಯವರಿಗೂ ಬೇಕಾದದ್ದು ಈ ಗೊಂದಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ಹಗುರವಾದ ಆಕ್ಷೇಪವಲ್ಲ. ಬಳ್ಳಾರಿಯಲ್ಲಿ ಗಣಿ ಗುತ್ತಿಗೆಗಳು ಅರಣ್ಯಕ್ಕೆ ಎಷ್ಟು ನುಗ್ಗಿವೆ ಎಂಬುದು ಬಯಲಾದದ್ದು 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಜಂಟಿ ತಂಡ ಆಧುನಿಕ ಸಾಧನಗಳಿಂದ ಅಳತೆ ನಡೆಸಿದಾಗ. ಅದರ ಆಧಾರದಲ್ಲೇ ಗಣಿಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ನ್ಯಾಯಾಲಯ 2013ರ ಏಪ್ರಿಲ್‌ನಲ್ಲಿ ಒಪ್ಪಿತು, ಸಿ ವರ್ಗದ ಗುತ್ತಿಗೆಗಳು ರದ್ದಾದವು. ಕಾಳ್ಗಿಚ್ಚಿನ ಸುಳಿವು ಉಪಗ್ರಹದಿಂದ ಬೀಟ್ ಫಾರೆಸ್ಟರ್‌ನ ಮೊಬೈಲಿಗೆ ಬರುವುದೂ ಸಣ್ಣ ಲಾಭವಲ್ಲ. ಆದರೆ ಬಳ್ಳಾರಿಯ ಉದಾಹರಣೆ ನನ್ನ ಮಾತನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ಪರದೆಯ ಗೆರೆಯನ್ನು ಸುಮ್ಮನೆ ನಂಬಲಿಲ್ಲ. ಗುತ್ತಿಗೆಯ ಮೂಲ ನಕಾಶೆ ತೆಗೆದು, ನೆಲಕ್ಕಿಳಿದು, ಎರಡನ್ನೂ ತಾಳೆ ನೋಡಿದರು. ಗಣಿ ಗುತ್ತಿಗೆಗೆ ಸಿಕ್ಕ ಈ ಶ್ರದ್ಧೆ ಎರಡೆಕರೆ ಸಾಗುವಳಿದಾರನಿಗೂ ಸಿಗಬೇಕು ಎಂಬುದಷ್ಟೇ ನನ್ನ ಕೇಳಿಕೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಇದನ್ನೇ ಹೇಳಿದೆ: ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದು, ಬದಲಿಯಾಗಲಾರದು.

ಇನ್ನೊಂದು ಆಕ್ಷೇಪ ಆಡಳಿತಗಾರರದು. ಲಕ್ಷಗಟ್ಟಲೆ ಸರ್ವೆ ನಂಬರುಗಳ ಷರಾ ಓದುತ್ತ ಕೂತರೆ ಕಾಡು ಉಳಿಸುವ ತೀರ್ಮಾನ ಎಂದೂ ಆಗುವುದಿಲ್ಲ, ಎಲ್ಲೋ ಒಂದು ಕಡೆ ಒಂದೇ ಅಳತೆಗೋಲು ಹಿಡಿಯಲೇಬೇಕು. ನಿಜ. ಆದರೆ ಅಳತೆಗೋಲು ಆರಿಸಿದವರು ನಾವು, ತಂತ್ರಾಂಶವಲ್ಲ ಎಂಬುದನ್ನು ಮರೆಯಬಾರದು. ಪಶ್ಚಿಮ ಘಟ್ಟಕ್ಕಾಗಿ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಸುಮಾರು 9 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳನ್ನು ಹಾಕಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಗ್ರಾಮವನ್ನು ಘಟಕವಾಗಿ ಹಿಡಿದು, ಶೇ. 20ರಷ್ಟು ಸೂಕ್ಷ್ಮ ಪ್ರದೇಶವಿದ್ದರೆ ಇಡೀ ಊರನ್ನೇ ಪಟ್ಟಿಗೆ ಸೇರಿಸಿತು. ಅದೇ ಘಟ್ಟ, ಅದೇ ಬಗೆಯ ಚಿತ್ರಗಳು, ಎರಡು ಬೇರೆ ನಕ್ಷೆ. ಶೇ. 19ರ ಊರು ಹೊರಗೆ, ಶೇ. 21ರ ಊರು ಒಳಗೆ. ಏಕೆ ಎಂದು ಊರವರು ಕೇಳಿದರೆ ಉಪಗ್ರಹ ಹೇಳಿತು ಎಂಬ ಉತ್ತರ ಸುಳ್ಳು.

ಪರಿಭಾವಿತ ಅರಣ್ಯದ, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಪರಿಗಣಿಸುವ ನೆಲದ, ಪ್ರಕರಣದಲ್ಲಿ ಇದು ಇನ್ನೂ ನಿಚ್ಚಳ. ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದ ನಂತರ ಕರ್ನಾಟಕ ಗುರುತಿಸಿದ 9.94 ಲಕ್ಷ ಹೆಕ್ಟೇರ್ 2022ರ ಅಧಿಸೂಚನೆಯಲ್ಲಿ 3.30 ಲಕ್ಷಕ್ಕೆ ಇಳಿಯಿತು. ಮಂಜೂರಾದ ಜಮೀನು, ವಸತಿ, ಕಚೇರಿ ಕಟ್ಟಡ ಇವೆಲ್ಲ ಮೊದಲ ಪಟ್ಟಿಯಲ್ಲಿ ತಪ್ಪಾಗಿ ಸೇರಿದ್ದವೆಂದು ಸರ್ಕಾರ ವಾದಿಸಿತು. ಕಾಡನ್ನೇ ಕೈಬಿಟ್ಟಿರಿ ಎಂದು ಪರಿಸರದವರು ಪ್ರತಿವಾದಿಸಿದರು. ಒಂದೊಂದು ಸರ್ವೆ ನಂಬರಿನ ಜೊತೆ ಅದು ಏಕೆ ಸೇರಿತು, ಏಕೆ ಬಿಟ್ಟುಹೋಯಿತು, ಯಾರು ಯಾವಾಗ ನೋಡಿಬಂದರು ಎಂಬ ಮೂರು ಅಂಕಣ ಕೋಷ್ಟಕದಲ್ಲಿದ್ದರೆ ಇವರಲ್ಲಿ ಯಾರ ಮಾತು ಎಲ್ಲಿ ಸರಿ ಎಂದು ತಾಲ್ಲೂಕುವಾರು ಪರೀಕ್ಷಿಸಬಹುದು. ಆ ಅಂಕಣಗಳನ್ನು ಸೇರಿಸಲು ಹೊಸ ಉಪಗ್ರಹ ಬೇಡ, ಹೊಸ ತಂತ್ರಾಂಶವೂ ಬೇಡ; ಹಳೆಯ ಕಡತ ಓದಬಲ್ಲ ಸರ್ವೆಯರ್ ಮತ್ತು ಅವನಿಗೆ ಕೊಡುವ ಸಮಯ ಬೇಕು.